‘ನಮ್ ಹುಡುಗಗ ಭೀ ಹಿಂಗೇ ಬೇಡಿ ಹಾಕ್ತಾರೇನ್ರಿ?’: ವಲಸೆ ಮತ್ತು ಗಡಿಯ ಜಗಳ, ಬುಡದಿಂದ

ನಮ್ಮ ಓಣಿಯ ಒಬ್ಬ ಅಕ್ಕ ಸಂಜೆ ಹೊತ್ತು ಫೋನ್ ಹಿಡಿದುಕೊಂಡೇ ಮನೆಗೆ ಬಂದರು. ಅವರ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಒಂದು ವಿಡಿಯೊ ಓಡುತ್ತಿತ್ತು. ಕೈಗೆ ಬೇಡಿ, ಕಾಲಿಗೆ ಸರಪಳಿ, ಸಾಲಾಗಿ ಮಿಲಿಟರಿ ವಿಮಾನ ಹತ್ತುತ್ತಿರುವ ನಮ್ಮ ದೇಶದ ಜನ. ‘ನಮ್ ಹುಡುಗಗ ಭೀ ಹಿಂಗೇ ಬೇಡಿ ಹಾಕ್ತಾರೇನ್ರಿ?’ ಅಂತ ಕೇಳಿದರು. ಇಲ್ಲ ಅಕ್ಕಾ, ಅವನದು ಬೇರೆ, ಅಂದೆ. ‘ಬೇರೆ ಅಂದ್ರ ಹೆಂಗ್ ಬೇರೆ?’ ಅಂದರು. ಅದಕ್ಕೆ ಉತ್ತರ ಹೇಳಿ ಮುಗಿಸೋಕೆ ಎರಡು ಸಲ ಚಹಾ ಆಯಿತು.

ಆಮೇಲೆ ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳಿದರು. ಟಿವಿಯಲ್ಲಿ ದಿನಾ ಅಕ್ರಮ ವಲಸೆ, ಗಡಿಪಾರು, ಎಚ್-1ಬಿ ಅಂತ ಬರುತ್ತಲೇ ಇರುತ್ತದೆ, ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಹೇಳುವುದರಿಂದ ಕೇಳಿದವರಿಗೆ ಉಳಿಯೋದು ಹೆದರಿಕೆ ಮಾತ್ರ. ಈ ಚೀಲವನ್ನು ಸುರಿದು, ಒಂದೊಂದನ್ನೇ ಬೇರೆ ಮಾಡಿ ಇಟ್ಟರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ ಅನ್ನೋದು ನನ್ನ ನಂಬಿಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾದಗಿರಿ ಸ್ಟೇಷನ್‌ನಿಂದ ಶುರು ಮಾಡೋಣ

ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ ಸ್ಟೇಷನ್ನಿಗೆ ಹೋಗಿ ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತ ಕೂತ ಕುಟುಂಬಗಳು ಕಾಣುತ್ತವೆ. ಕೌದಿ ಸುತ್ತಿ ಕಟ್ಟಿದ ಗಂಟು, ಜೋಳದ ಹಿಟ್ಟಿನ ಚೀಲ, ಒಂದು ಪ್ಲಾಸ್ಟಿಕ್ ಕೊಡ, ಕೊಡದೊಳಗೆ ಪಾತ್ರೆ, ಪಾತ್ರೆಯೊಳಗೆ ಬಟ್ಟೆಯಲ್ಲಿ ಕಟ್ಟಿದ ಶೇಂಗಾ ಹಿಂಡಿ. ಗಂಟಿನ ಮೇಲೆ ತಲೆ ಇಟ್ಟು ಮಲಗಿದ ಮಗು. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಎಲ್ಲಿ ಕಟ್ಟಡದ ಕೆಲಸ ಇದೆಯೋ ಅಲ್ಲಿಗೆ. ಇದನ್ನು ನಾವು ಗುಳೆ ಅನ್ನುತ್ತೇವೆ. ಇದೂ ವಲಸೆಯೇ.

ಆದರೆ ಸೊಲ್ಲಾಪುರ ದಾಟುವಾಗ ಇವರನ್ನು ಯಾರೂ ತಡೆದು ‘ಮಹಾರಾಷ್ಟ್ರಕ್ಕೆ ಯಾಕೆ ಬಂದಿರಿ’ ಅಂತ ಕೇಳುವುದಿಲ್ಲ. ಯಾಕೆಂದರೆ ನಮ್ಮ ಸಂವಿಧಾನದ 19ನೇ ವಿಧಿ ದೇಶದ ಪ್ರಜೆಗೆ ಭಾರತದ ಯಾವ ಮೂಲೆಗಾದರೂ ಹೋಗುವ, ನೆಲೆಸುವ ಹಕ್ಕು ಕೊಟ್ಟಿದೆ. ನಾಗಾಲ್ಯಾಂಡ್, ಮಿಜೋರಾಂ, ಅರುಣಾಚಲ, ಮಣಿಪುರದಂಥ ಕಡೆ ಮಾತ್ರ ಒಳಗೆ ಹೋಗಲು ಬೇರೆ ರಾಜ್ಯದವರಿಗೆ ಪರವಾನಗಿ ಬೇಕು. ಉಳಿದಂತೆ ದಾರಿ ತೆರೆದೇ ಇದೆ.

ಈ ಹಕ್ಕು ದೇಶದ ಗಡಿಗೆ ಬಂದು ನಿಂತುಬಿಡುತ್ತದೆ. ಗಡಿ ದಾಟಲು ಸಾಮಾನ್ಯವಾಗಿ ಎರಡು ಕಾಗದ ಬೇಕು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ‘ಇವನು ನಮ್ಮವನು’ ಅಂತ ಅದು ಹೇಳುತ್ತದೆ. ವೀಸಾ ಕೊಡುವುದು ಆ ಕಡೆಯ ಸರ್ಕಾರ. ‘ಬಾ, ಆದರೆ ಇಂಥ ಕೆಲಸಕ್ಕೆ, ಇಷ್ಟು ದಿನಕ್ಕೆ’ ಅಂತ ಅದು ಹೇಳುತ್ತದೆ. ಮದುವೆ ಪತ್ರಿಕೆ ಕೊಟ್ಟವರ ಮನೆಗೆ ಊಟಕ್ಕೆ ಹೋಗುವುದು ಬೇರೆ, ಊಟ ಮುಗಿದ ಮೇಲೂ ಅದೇ ಮನೆಯಲ್ಲಿ ಉಳಿಯುವುದು ಬೇರೆ. ಇದೊಂದು ನೆನಪಿರಲಿ: ಗಡಿ ದಾಟೋದು ಒಂದು ವಿಷಯ, ದಾಟಿದ ಮೇಲೆ ಅಲ್ಲಿ ಇರೋದು ಇನ್ನೊಂದು ವಿಷಯ. ಎರಡಕ್ಕೂ ಕಾನೂನು ಬೇರೆ.

ಮುಚ್ಚಿದ ಗಡಿ ಹೇಗಿರುತ್ತದೆ ಅನ್ನೋದನ್ನು ನಾವೂ ಒಮ್ಮೆ ನೋಡಿದ್ದೇವೆ. ಕೊರೋನಾ ಕಾಲದಲ್ಲಿ ಆಳಂದ ತಾಲೂಕಿನ ಹಿರೋಳಿ ಚೆಕ್‌ಪೋಸ್ಟ್ ಬಳಿ ಗಾಡಿ ನಿಲ್ಲಿಸಿ ರಿಪೋರ್ಟ್ ಕೇಳುತ್ತಿದ್ದರು. ಆ ಕಡೆ ಊರಲ್ಲಿ ಮಗಳು, ಈ ಕಡೆ ಊರಲ್ಲಿ ತವರು. ನಿನ್ನೆವರೆಗೆ ಕಾಣದೇ ಇದ್ದ ಗೆರೆ ಒಂದೇ ರಾತ್ರಿಯಲ್ಲಿ ಗೋಡೆಯಾಯಿತು. ಮುಖ್ಯ ರಸ್ತೆ ಬಂದಾದಾಗ ಜನ ಹೊಲದ ಬದುವಿನ ಮೇಲೆ ನಡೆದು ದಾಟಿದರು. ದೊಡ್ಡ ದಾರಿ ಮುಚ್ಚಿದರೆ ಅಡ್ಡದಾರಿ ಹುಟ್ಟುತ್ತದೆ, ಅಡ್ಡದಾರಿ ತೋರಿಸುವವನೂ ಹುಟ್ಟುತ್ತಾನೆ. ಅಮೆರಿಕದ ಕಥೆಯಲ್ಲೂ ಇದು ಮತ್ತೆ ಬರುತ್ತದೆ.

ಒಂದೇ ಹೆಸರು, ಬೇರೆ ಬೇರೆ ಜನ

‘ವಲಸಿಗರು’ ಅಂತ ಟಿವಿಯವರು ಒಂದೇ ಉಸಿರಿಗೆ ಹೇಳುತ್ತಾರಲ್ಲ, ಅದರೊಳಗೆ ಕನಿಷ್ಠ ನಾಲ್ಕು ಬಗೆಯ ಜನ ಇದ್ದಾರೆ.

ಮೊದಲನೆಯವರು ಆ ಅಕ್ಕನ ಮಗನಂಥವರು. ವೀಸಾ ಪಡೆದು, ವಿಮಾನ ನಿಲ್ದಾಣದಲ್ಲಿ ಮುದ್ರೆ ಹಾಕಿಸಿಕೊಂಡು ಒಳಗೆ ಹೋದವರು. ಎರಡನೆಯವರೂ ಹಾಗೇ ಹೋದವರು, ಆದರೆ ವೀಸಾದ ದಿನ ಮುಗಿದ ಮೇಲೂ ವಾಪಸ್ ಬರದೆ ಉಳಿದುಬಿಟ್ಟವರು. ಇವರು ಯಾವ ಗೋಡೆಯನ್ನೂ ಹಾರಿಲ್ಲ, ಹಾಗಾಗಿ ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಇವರಿಗೂ ಅದಕ್ಕೂ ಸಂಬಂಧ ಇಲ್ಲ. ಮೂರನೆಯವರು ಯಾವ ಕಾಗದವೂ ಇಲ್ಲದೆ ಗಡಿ ದಾಟಿದವರು. ನಾಲ್ಕನೆಯವರು ‘ನನ್ನ ದೇಶದಲ್ಲಿ ನನ್ನ ಜೀವಕ್ಕೆ ಅಪಾಯ ಇದೆ, ನನ್ನನ್ನು ಕಾಪಾಡಿ’ ಅಂತ ಆಶ್ರಯ ಕೇಳುವವರು. ಮೂರು ಮತ್ತು ನಾಲ್ಕು ಬಹಳ ಸಲ ಒಬ್ಬರೇ ಆಗಿರುತ್ತಾರೆ. ಜಗಳದ ಗಂಟು ಇರುವುದೇ ಅಲ್ಲಿ.

ಅಮೆರಿಕದ ಕಾನೂನಿನಲ್ಲಿ ಕಾಗದವಿಲ್ಲದೆ ಗಡಿ ನುಗ್ಗುವುದು ಅಪರಾಧ, ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲಾಗಬಹುದು. ವೀಸಾ ಮುಗಿದ ಮೇಲೆ ಉಳಿಯುವುದು ಹಾಗಲ್ಲ. ಅದು ನಿಯಮ ಮುರಿದ ಲೆಕ್ಕ, ಅದಕ್ಕೆ ದೇಶ ಬಿಟ್ಟು ಕಳಿಸುತ್ತಾರೆ, ಆದರೆ ಅಷ್ಟಕ್ಕೇ ಕ್ರಿಮಿನಲ್ ಕೇಸ್ ಆಗುವುದಿಲ್ಲ. ಕಾಗದವಿಲ್ಲದೆ ಅಮೆರಿಕದಲ್ಲಿ ಇರುವವರು ಎಷ್ಟು ಜನ? 2022ರ ಲೆಕ್ಕದಲ್ಲಿ ಸುಮಾರು 1.1 ಕೋಟಿ ಅಂತ ಅಲ್ಲಿನ ಸರ್ಕಾರದ ಅಂದಾಜು. ಪ್ಯೂ ಸಂಶೋಧನಾ ಸಂಸ್ಥೆ 2023ಕ್ಕೆ 1.4 ಕೋಟಿ ಅನ್ನುತ್ತದೆ. ಇವರಲ್ಲಿ 20 ವರ್ಷದಿಂದ ಅಲ್ಲೇ ಇದ್ದು, ಮನೆ ಮಾಡಿ, ತೆರಿಗೆ ಕಟ್ಟಿ, ಮಕ್ಕಳನ್ನು ಹೆತ್ತವರೂ ಇದ್ದಾರೆ, ಮೊನ್ನೆ ಬಂದವರೂ ಇದ್ದಾರೆ.

ಆಶ್ರಯ ಅಂದರೆ ಏನು, ಅದು ಕಗ್ಗಂಟಾದದ್ದು ಹೇಗೆ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಉಳಿದ ಎಲ್ಲ ಜಗಳಕ್ಕೂ ಬೇರು ಇದೇ.

ನಮ್ಮ ಭಾಗದ ಹಿರಿಯರಿಗೆ ರಜಾಕಾರರ, ಅಂದರೆ ನಿಜಾಮನ ಪರ ಇದ್ದ ಶಸ್ತ್ರಧಾರಿ ಪಡೆಯ, ಹಾವಳಿಯ ಕಥೆ ಗೊತ್ತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಕಲಬುರಗಿ, ಬೀದರ್ ಎಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮದು ಬೇರೆಯದೇ ಗಡಿ. ಆ ಒಂದು ವರ್ಷದಲ್ಲಿ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಎತ್ತಿನ ಗಾಡಿ ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರದ ಕಡೆ, ವಿಜಯಪುರದ ಕಡೆ ಹೋದವು. ಅವರ ಕೈಯಲ್ಲಿ ಯಾವ ಕಾಗದ ಇತ್ತು? ಜೀವ ಉಳಿದರೆ ಸಾಕು ಅಂತ ಓಡಿದವರಿಗೆ ‘ಮೊದಲು ಅರ್ಜಿ ಹಾಕಿ, ಆಮೇಲೆ ಬನ್ನಿ’ ಅನ್ನೋದಕ್ಕೆ ಆಗುತ್ತದೆಯೇ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಗತ್ತು ಇದೇ ಪ್ರಶ್ನೆ ಕೇಳಿಕೊಂಡಿತು. 1951ರಲ್ಲಿ ನಿರಾಶ್ರಿತರ ಒಪ್ಪಂದ ಆಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು, ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ್ದು, ಈ ಐದರಲ್ಲಿ ಯಾವುದಾದರೂ ಕಾರಣಕ್ಕೆ ಕಿರುಕುಳ ಆಗುತ್ತದೆ ಎಂಬ ನಿಜವಾದ ಭಯ ಇದ್ದರೆ ಅವರನ್ನು ಅದೇ ಅಪಾಯಕ್ಕೆ ವಾಪಸ್ ತಳ್ಳಬಾರದು ಅಂತ ಅದರ ಸಾರ. ಗಮನಿಸಿ, ಬಡತನ ಈ ಪಟ್ಟಿಯಲ್ಲಿ ಇಲ್ಲ. ಬರಗಾಲ ಇಲ್ಲ. ಕೆಲಸ ಇಲ್ಲ ಅನ್ನೋದೂ ಇಲ್ಲ. ನಮ್ಮ ಗುಳೆ ಹೋಗುವವರ ಕಷ್ಟ ಎಷ್ಟೇ ದೊಡ್ಡದಾದರೂ ಈ ಒಪ್ಪಂದದ ಪ್ರಕಾರ ಅವರು ನಿರಾಶ್ರಿತರಲ್ಲ.

ಅಮೆರಿಕ 1980ರಲ್ಲಿ ಇದನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿತು. ಅಲ್ಲಿನ ನೆಲಕ್ಕೆ ಕಾಲಿಟ್ಟವರು, ಹೇಗೇ ಬಂದಿರಲಿ, ಆಶ್ರಯಕ್ಕೆ ಅರ್ಜಿ ಹಾಕಬಹುದು ಅಂತ ಕಾನೂನು ಹೇಳುತ್ತದೆ. ಅರ್ಜಿ ಹಾಕಿದವರ ಕಥೆ ನಿಜವೋ ಸುಳ್ಳೋ ಅಂತ ಒಬ್ಬ ಆಶ್ರಯ ಅಧಿಕಾರಿ ಇಲ್ಲವೇ ನ್ಯಾಯಾಧೀಶರು ಕೇಳಿ ತೀರ್ಮಾನಿಸಬೇಕು. ಇಲ್ಲಿವರೆಗೆ ಸರಿಯಾಗಿಯೇ ಇದೆ, ಅಲ್ವಾ?

ತೊಂದರೆ ಶುರುವಾದದ್ದು ಎಣಿಕೆಯಲ್ಲಿ. 2024ರ ಕೊನೆಗೆ ಅಲ್ಲಿನ ವಲಸೆ ಕೋರ್ಟುಗಳಲ್ಲಿ 35 ಲಕ್ಷಕ್ಕೂ ಜಾಸ್ತಿ ಕೇಸುಗಳು ಬಾಕಿ ಇದ್ದವು. ಕೇಳಲು ಇದ್ದ ನ್ಯಾಯಾಧೀಶರು ಸುಮಾರು 700. ಒಬ್ಬೊಬ್ಬರ ಮುಂದೆ ಸರಾಸರಿ 5,000 ಕೇಸ್. ನಮ್ಮ ಜಮೀನಿನ ವ್ಯಾಜ್ಯದ ಹಾಗೆ ವಾಯಿದೆ ಮೇಲೆ ವಾಯಿದೆ. ಒಂದು ತೀರ್ಪಿಗೆ ವರ್ಷಗಟ್ಟಲೆ ಆಗುತ್ತದೆ. ಅಲ್ಲಿವರೆಗೆ ಅರ್ಜಿದಾರ ಏನು ಮಾಡಬೇಕು? ಎಲ್ಲರನ್ನೂ ಕೂಡಿಹಾಕಲು ಜಾಗ ಇಲ್ಲ, ಹಾಗಾಗಿ ಬಹಳ ಜನರನ್ನು ಹೊರಗೆ ಬಿಟ್ಟರು. ಅರ್ಜಿ ಹಾಕಿ ಒಂದಿಷ್ಟು ತಿಂಗಳಾದ ಮೇಲೆ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಈಗ ನೀವೇ ಯೋಚಿಸಿ. ನಿಜವಾಗಿ ಜೀವಭಯ ಇದ್ದವನು ಉತ್ತರಕ್ಕಾಗಿ ವರ್ಷಗಟ್ಟಲೆ ಒದ್ದಾಡಬೇಕು. ಬರೀ ದುಡಿಯಲು ಬಂದವನಿಗೆ ಆ ವರ್ಷಗಳೇ ಲಾಭ. ನಿಧಾನದಿಂದ ಸತ್ಯವಂತನಿಗೆ ನಷ್ಟ ಆಗುತ್ತದೆ, ಉಳಿದವರಿಗೆ ದಾರಿ ಆಗುತ್ತದೆ.

2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೊ ಗಡಿಯಲ್ಲಿ ಸುಮಾರು 2.5 ಲಕ್ಷ ಜನ ಗಡಿ ಕಾವಲು ಪಡೆಯ ಕೈಗೆ ಸಿಕ್ಕರು. 2024ರ ಮಧ್ಯದಲ್ಲಿ ಬೈಡನ್ ಸರ್ಕಾರ ಆಶ್ರಯದ ಬಾಗಿಲನ್ನು ಬಹಳಷ್ಟು ಕಿರಿದು ಮಾಡಿತು, ಸಂಖ್ಯೆ ಇಳಿಯಿತು. 2025ರ ಜನವರಿಯಲ್ಲಿ ಟ್ರಂಪ್ ಬಂದ ಮೊದಲ ದಿನವೇ ಗಡಿಯಲ್ಲಿ ಆಶ್ರಯ ಕೇಳುವುದನ್ನೇ ನಿಲ್ಲಿಸಿದರು. 2024ರ ಅಕ್ಟೋಬರಿನಿಂದ 2025ರ ಸೆಪ್ಟೆಂಬರ್‌ವರೆಗೆ ಪೂರ್ತಿ ವರ್ಷದಲ್ಲಿ ಆ ಗಡಿಯಲ್ಲಿ ಹಿಡಿದವರು ಸುಮಾರು 2.38 ಲಕ್ಷ. ಅಂದರೆ 2023ರ ಆ ಡಿಸೆಂಬರ್ ಒಂದೇ ತಿಂಗಳಲ್ಲಿ ಸಿಕ್ಕವರಿಗಿಂತ ಈ ಪೂರ್ತಿ ವರ್ಷದಲ್ಲಿ ಸಿಕ್ಕವರು ಕಮ್ಮಿ. ಒಂದು ಕಡೆಯವರು ‘ನೋಡಿ, ಗಡಿ ಭದ್ರವಾಯಿತು’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ಆ ಕಮ್ಮಿಯಾದವರಲ್ಲಿ ನಿಜವಾಗಿ ಜೀವಭಯ ಇದ್ದವರು ಎಲ್ಲಿಗೆ ಹೋದರು’ ಅಂತ ಕೇಳುತ್ತಾರೆ. ಅಂಕಿ ಒಂದೇ, ಪ್ರಶ್ನೆ ಎರಡು.

ಡಂಕಿ ದಾರಿ, ಅಮೃತಸರದ ವಿಮಾನ

ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನಿಂದ ಯಾತ್ರಿಕರು ಬರುತ್ತಲೇ ಇರುತ್ತಾರೆ. ಲಂಗರ್‌ನಲ್ಲಿ ಪಕ್ಕದಲ್ಲಿ ಕೂತು ಮಾತಿಗಿಳಿದರೆ ಮನೆಯಲ್ಲೊಬ್ಬ ಕೆನಡಾದಲ್ಲೋ ಅಮೆರಿಕದಲ್ಲೋ ಇರುವ ಮಾತು ಬಂದೇ ಬರುತ್ತದೆ. ಅವರ ಬಾಯಲ್ಲಿ ‘ಡಂಕಿ’ ಅನ್ನುವ ಶಬ್ದ ಮಾಮೂಲು. ಕಾಗದವಿಲ್ಲದೆ ದೇಶದಿಂದ ದೇಶಕ್ಕೆ ಜಿಗಿಯುತ್ತ ಹೋಗುವ ದಾರಿ ಅದು. ವೀಸಾ ಸುಲಭವಾಗಿ ಸಿಗುವ ಯಾವುದೋ ದಕ್ಷಿಣ ಅಮೆರಿಕದ ದೇಶಕ್ಕೆ ವಿಮಾನ, ಅಲ್ಲಿಂದ ಬಸ್ಸು, ದೋಣಿ, ಕೊಲಂಬಿಯ ಮತ್ತು ಪನಾಮ ನಡುವಿನ ದಾರಿಯೇ ಇಲ್ಲದ ದರಿಯೆನ್ ಕಾಡು, ಆಮೇಲೆ ಮೆಕ್ಸಿಕೊ. ಆ ಕಾಡನ್ನು 2023ರಲ್ಲಿ ಬೇರೆ ಬೇರೆ ದೇಶದ 5.2 ಲಕ್ಷ ಜನ ನಡೆದು ದಾಟಿದರು. ಏಜೆಂಟರು ಒಬ್ಬೊಬ್ಬರಿಂದ ಹತ್ತಾರು ಲಕ್ಷ ತೆಗೆದುಕೊಳ್ಳುತ್ತಾರೆ. ಹೊಲ ಮಾರಿ ಹೋದವರು ಬಹಳ. ಬರಿಗೈಲಿ ವಾಪಸ್ ಬಂದರೆ ಮನೆಯಲ್ಲಿ ಹೊಲವೂ ಇರುವುದಿಲ್ಲ.

2022ರ ಅಕ್ಟೋಬರಿನಿಂದ ಒಂದು ವರ್ಷದಲ್ಲಿ ಅಮೆರಿಕದ ಗಡಿಗಳಲ್ಲಿ ಸಿಕ್ಕ ಭಾರತೀಯರೇ ಸುಮಾರು 97 ಸಾವಿರ. ಅವರಲ್ಲಿ ಮೆಕ್ಸಿಕೊ ಕಡೆಯಿಂದ ಬಂದವರಂತೆ ಕೆನಡಾ ಕಡೆಯಿಂದ ಬಂದವರೂ ಇದ್ದರು.

ಅಕ್ಕ ತೋರಿಸಿದ ವಿಡಿಯೊ ಇದಕ್ಕೆ ಸೇರಿದ್ದು. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಬೇಡಿ ಹಾಕಿದ್ದಕ್ಕೆ ಸಂಸತ್ತಿನಲ್ಲಿ ದೊಡ್ಡ ಗಲಾಟೆ ಆಯಿತು. ಫೆಬ್ರವರಿ 6ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ರಾಜ್ಯಸಭೆಯಲ್ಲಿ ಹೇಳಿಕೆ ಕೊಟ್ಟರು. ಹೀಗೆ ವಾಪಸ್ ಕಳಿಸುವುದು ಹೊಸದಲ್ಲ, 2009ರಲ್ಲಿ 734, 2019ರಲ್ಲಿ 2,042 ಭಾರತೀಯರನ್ನು ಕಳಿಸಿದ್ದರು, ವಿಮಾನದಲ್ಲಿ ಬೇಡಿ ಹಾಕುವ ಪದ್ಧತಿ 2012ರಿಂದ ಇದೆ, ಹೆಂಗಸರಿಗೆ ಮಕ್ಕಳಿಗೆ ಹಾಕುವುದಿಲ್ಲ ಅಂತ ಅಮೆರಿಕ ತಿಳಿಸಿದೆ, ಅಂದರು. ವಿರೋಧ ಪಕ್ಷದವರು ಕೇಳಿದ್ದು ಬೇರೆ: ಕಳ್ಳರೂ ಅಲ್ಲ, ಕೊಲೆಗಾರರೂ ಅಲ್ಲ, ನಮ್ಮ ಜನರನ್ನು ಹೀಗೆ ಕಳಿಸುವಾಗ ನಾವು ಯಾಕೆ ಗಟ್ಟಿಯಾಗಿ ಮಾತಾಡಲಿಲ್ಲ? ಯಾವ ದೇಶಕ್ಕೂ ತನ್ನ ಪ್ರಜೆಯನ್ನು ‘ನಮಗೆ ಬೇಡ’ ಅನ್ನುವ ದಾರಿ ಇಲ್ಲ. ಇವನು ಭಾರತೀಯನೇ ಅಂತ ಖಾತ್ರಿಯಾದರೆ ನಾವು ಕರೆದುಕೊಳ್ಳಲೇಬೇಕು. ಆದರೆ ಕಳಿಸುವುದು ಹೇಗೆ ಅನ್ನುವ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. ಕೈಗೆ ಬೇಡಿ ಹಾಕಿಸಿಕೊಂಡು ಅಷ್ಟು ಉದ್ದದ ಪ್ರಯಾಣ ಮಾಡಿದ ಹುಡುಗನ ಮುಖ ನೋಡಿದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಗಡಿಪಾರು ಮಾಡುವವರು ಯಾರು?

ನಮ್ಮಲ್ಲಿ ಗಡಿಪಾರು ಅಂದ ಕೂಡಲೇ ರೌಡಿಗಳು ನೆನಪಾಗುತ್ತಾರೆ. ಹಬ್ಬದ ಮುಂಚೆ, ಚುನಾವಣೆಯ ಮುಂಚೆ ಜಿಲ್ಲೆಯಿಂದ ಹೊರಗೆ ಕಳಿಸುತ್ತಾರಲ್ಲ, ಅದು. ಇಲ್ಲಿ ಹೇಳುವ ಗಡಿಪಾರು ಅಂದರೆ ಒಂದು ದೇಶ ತನ್ನ ಪ್ರಜೆ ಅಲ್ಲದವರನ್ನು ಹೊರಗೆ ಕಳಿಸುವುದು. ಶಬ್ದ ಒಂದೇ ಆದ್ದರಿಂದ ‘ಗಡಿಪಾರು ಆದವ ಅಂದ್ರ ಏನೋ ಗುನ್ನೆ ಮಾಡ್ಯಾನ’ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ.

ಅಮೆರಿಕದಲ್ಲಿ ಗಡಿಯ ಹತ್ತಿರ ಕಾಯುವವರು ಬಾರ್ಡರ್ ಪೆಟ್ರೋಲ್. ಇದು 1924ರಿಂದ ಇದೆ. ದೇಶದ ಒಳಗೆ ಹುಡುಕಿ ಹಿಡಿಯುವವರು ಐಸ್ ಅನ್ನುವ ಇಲಾಖೆಯವರು. ಇದು 2001ರ ಭಯೋತ್ಪಾದಕ ದಾಳಿಯ ನಂತರ, 2003ರಲ್ಲಿ ಹುಟ್ಟಿದ್ದು. ಐಸ್ ಹಿಡಿದರೆ ಸಾಮಾನ್ಯವಾಗಿ ವಲಸೆ ಕೋರ್ಟಿಗೆ ಹೋಗಬೇಕು, ಆದರೆ ಆ ಕೋರ್ಟಿನ ನ್ಯಾಯಾಧೀಶರು ಹೈಕೋರ್ಟ್ ನ್ಯಾಯಾಧೀಶರ ಹಾಗೆ ಸ್ವತಂತ್ರರಲ್ಲ, ಸರ್ಕಾರದ ನ್ಯಾಯ ಇಲಾಖೆಯ ನೌಕರರು. ಬಡವನಿಗೆ ಸರ್ಕಾರವೇ ವಕೀಲ ಕೊಡಬೇಕೆಂಬ ಹಕ್ಕು ಕ್ರಿಮಿನಲ್ ಕೇಸಿನಲ್ಲಿ ಇದೆ, ಇಲ್ಲಿ ಇಲ್ಲ. ವಕೀಲ ಬೇಕಾದರೆ ತಾನೇ ಇಟ್ಟುಕೊಳ್ಳಬೇಕು.

ಒಳನಾಡಿನಲ್ಲಿ ಹಿಡಿಯುವುದು 2025ರಿಂದ ಜಾಸ್ತಿಯಾಗಿದ್ದಕ್ಕೆ ಒಂದು ಕಾರಣ ದುಡ್ಡು. 2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾನೂನಿನಲ್ಲಿ ಗಡಿ ಮತ್ತು ವಲಸೆ ಕಾವಲಿಗೆ ಸುಮಾರು 170 ಬಿಲಿಯನ್ ಡಾಲರ್ ಇಟ್ಟರು. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಅದರಲ್ಲಿ 45 ಬಿಲಿಯನ್ ಹಿಡಿದವರನ್ನು ಇಡುವ ಜಾಗಕ್ಕೇ. ಇನ್ನು ‘ಸ್ಯಾಂಕ್ಚುರಿ’ ನಗರ ಅಂತ ಕೇಳಿರುತ್ತೀರಿ. ವಲಸೆ ಕಾನೂನು ಜಾರಿ ಮಾಡುವುದು ಕೇಂದ್ರದ ಕೆಲಸ, ನಮ್ಮ ಊರ ಪೊಲೀಸರು ಅದಕ್ಕೆ ಕೈಜೋಡಿಸುವುದಿಲ್ಲ ಅಂತ ಹೇಳಿದ ನಗರಗಳು ಅವು. ಅಷ್ಟೇ.

ಜಗಳ ಯಾತಕ್ಕೆ? ನಮ್ಮ 371(ಜೆ) ಹಿಡಿದು ನೋಡಿ

ಇದು ಎಲ್ಲೋ ದೂರದ ಜಗಳ ಅನ್ನಿಸಬಹುದು. ಆದರೆ ಇದರ ಒಳಗಿನ ಮಾತು ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ.

ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು ನಮ್ಮ ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿ ಕೊಟ್ಟಾಗ ನಾವು ಸಂಭ್ರಮಿಸಿದೆವು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 75ರಿಂದ 85ರವರೆಗೆ, ಕಾಲೇಜು ಸೀಟುಗಳಲ್ಲಿ 70ರಷ್ಟು ಸ್ಥಳೀಯರಿಗೆ. ಅದಕ್ಕೆ ‘ಸ್ಥಳೀಯ’ ಯಾರು ಅಂತ ಬರೆಯಬೇಕಾಯಿತು. ಇಲ್ಲೇ ಹುಟ್ಟಿರಬೇಕು, ಇಲ್ಲವೇ ಇಷ್ಟು ವರ್ಷ ಇಲ್ಲೇ ನೆಲೆಸಿರಬೇಕು. ಆ ಸರ್ಟಿಫಿಕೇಟಿಗಾಗಿ ಸಹಾಯಕ ಆಯುಕ್ತರ ಕಚೇರಿ ಮುಂದೆ ಸಾಲು ನಿಂತವರಿಗೆ ಗೊತ್ತು, ಒಂದು ಗೆರೆ ಎಳೆದ ಕೂಡಲೇ ಗೆರೆಯ ಆಚೆ ಈಚೆ ಅಂತ ಎರಡು ಬಗೆಯ ಜನ ಆಗುತ್ತಾರೆ. ನಮ್ಮ ಕೆಲಸ ಬೇರೆ ಕಡೆಯವರಿಗೆ ಹೋಗಬಾರದು ಅನ್ನುವುದು ನಮ್ಮ ಬೇಡಿಕೆ, ಅದರಲ್ಲಿ ನ್ಯಾಯ ಇದೆ, ಎಷ್ಟೋ ವರ್ಷ ಹಿಂದುಳಿದ ಭಾಗ ಇದು.

ಅದೇ ನಮ್ಮ ಜನ ಗೋವಾಕ್ಕೆ ದುಡಿಯಲು ಹೋದಾಗ ಅಲ್ಲಿನವರ ಬಾಯಲ್ಲಿ ‘ಘಾಟಿ’, ಅಂದರೆ ಘಟ್ಟದಾಚೆಯಿಂದ ಬಂದವರು, ಆಗುತ್ತಾರೆ. ವಾಸ್ಕೊದ ಬೈನಾ ತೀರದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಂದವರಲ್ಲಿ ಉತ್ತರ ಕರ್ನಾಟಕದವರೇ ಜಾಸ್ತಿ. ಅಲ್ಲಿ ನಾವು ಗೆರೆಯ ಆಚೆಯವರು. ಈ ಎರಡೂ ಅನುಭವ ಒಂದೇ ಮನೆಯಲ್ಲಿ ಇರುವುದು ಸಾಧ್ಯ. ಅಣ್ಣನಿಗೆ 371(ಜೆ) ಸರ್ಟಿಫಿಕೇಟು, ತಮ್ಮನಿಗೆ ಗೋವಾದಲ್ಲಿ ತಗಡಿನ ಶೆಡ್ಡು.

ಅಮೆರಿಕದ ಎರಡೂ ಪಕ್ಷದವರ ಮಾತು ಇದರೊಳಗೇ ಇದೆ. ಕಾವಲು ಬಿಗಿಯಾಗಬೇಕು ಅನ್ನುವವರ ವಾದ: ಕಾನೂನು ಇದ್ದ ಮೇಲೆ ನಡೆಸಬೇಕು, ಸರದಿಯಲ್ಲಿ ವರ್ಷಗಟ್ಟಲೆ ನಿಂತವನಿಗೆ ನುಗ್ಗಿ ಬಂದವನಿಂದ ಅನ್ಯಾಯ, ಕಮ್ಮಿ ಕೂಲಿಗೆ ದುಡಿಯುವವರು ಬಂದರೆ ಅಲ್ಲಿನ ಬಡವನ ಕೂಲಿ ಇಳಿಯುತ್ತದೆ, ಒಮ್ಮೆಗೇ ಜನ ಬಂದರೆ ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲದರ ಮೇಲೂ ಒತ್ತಡ. ಸಡಿಲ ಇರಲಿ ಅನ್ನುವವರ ವಾದ: ಹೊಲದಲ್ಲಿ ಹಣ್ಣು ತರಕಾರಿ ಕೀಳುವ ಕೂಲಿಗಳಲ್ಲಿ ಹತ್ತರಲ್ಲಿ ನಾಲ್ವರಿಗೆ ಕಾಗದ ಇಲ್ಲ, ಅವರನ್ನೆಲ್ಲ ಕಳಿಸಿದರೆ ಬೆಳೆ ಕಟಾವು ಮಾಡುವವರು ಯಾರು, 20 ವರ್ಷ ಇದ್ದವನನ್ನು ಮಕ್ಕಳಿಂದ ಬೇರೆ ಮಾಡುವುದು ಯಾವ ನ್ಯಾಯ, ಸಕ್ರಮವಾಗಿ ಬರುವ ದಾರಿಯೇ ಇಷ್ಟು ಕಿರಿದಾದರೆ ಜನ ಅಡ್ಡದಾರಿ ಹಿಡಿಯದೆ ಏನು ಮಾಡುತ್ತಾರೆ? ಕೂಲಿ ಎಷ್ಟು ಇಳಿಯುತ್ತದೆ ಅನ್ನುವ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತ ಇಲ್ಲ.

ಹಾಗಾದರೆ ಅಕ್ಕನ ಮಗನ ಗತಿ?

ಅವನದು ಎಚ್-1ಬಿ ವೀಸಾ. ಕಂಪನಿ ‘ಈ ಕೆಲಸಕ್ಕೆ ಇವನು ಬೇಕು’ ಅಂತ ಅರ್ಜಿ ಹಾಕಿ ಕರೆಸಿಕೊಳ್ಳುವುದು. ವರ್ಷಕ್ಕೆ ಇಂಥ 65,000 ಹೊಸ ವೀಸಾ, ಅಲ್ಲಿ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಇದನ್ನು ಪಡೆಯುವವರಲ್ಲಿ 10ಕ್ಕೆ 7 ಜನ ಭಾರತೀಯರು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಟ್ರಂಪ್ ಆದೇಶ ಹೊರಡಿಸಿದರು. ಆಗಿನ ಲೆಕ್ಕದಲ್ಲಿ 88 ಲಕ್ಷ ರೂಪಾಯಿ. ಆ ರಾತ್ರಿ ಅಕ್ಕನ ಮನೆಯಲ್ಲಿ ಯಾರೂ ಮಲಗಲಿಲ್ಲ. ಆಮೇಲೆ ಗೊತ್ತಾಯಿತು, ಅದು ಹೊರದೇಶದಿಂದ ಹೊಸದಾಗಿ ಬರುವವರ ಅರ್ಜಿಗೆ, ಅಲ್ಲೇ ಇದ್ದು ನವೀಕರಣ ಮಾಡಿಸುವವರಿಗಲ್ಲ.

ಬೇಡಿಯ ಭಯ ಅವನಿಗಿಲ್ಲ, ಆದರೆ ಬೇರೆ ಕಟ್ಟು ಇದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೇ ಹೊರಡಬೇಕು. ಕಾಯಂ ಉಳಿಯಲು ಗ್ರೀನ್ ಕಾರ್ಡ್ ಬೇಕು. ಉದ್ಯೋಗದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1.4 ಲಕ್ಷ, ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಜಾಸ್ತಿ ಹೋಗಬಾರದು ಅಂತ ಮಿತಿ. ಭಾರತಕ್ಕೂ ಅಷ್ಟೇ, ಚಿಕ್ಕ ದೇಶಕ್ಕೂ ಅಷ್ಟೇ. ಸೇಡಂ ರಸ್ತೆಯ ಬಸ್ಸಿಗೂ ಊರೊಳಗಿನ ಆಟೋಗೂ ಒಂದೇ ಅಳತೆಯ ಬಾಗಿಲು ಇಟ್ಟ ಹಾಗೆ. ಹಾಗಾಗಿ ನಮ್ಮವರ ಸಾಲು ದಶಕಗಟ್ಟಲೆ ಉದ್ದ. ಅವನು ಊರಿಗೆ ಬಂದರೆ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ ಹಾಕಿಸಿಕೊಂಡೇ ವಾಪಸ್ ಹೋಗಬೇಕು, ಆ ಸಂದರ್ಶನದ ದಿನ ಸಿಗುವುದು ಕಷ್ಟ. ಶರಣಬಸವೇಶ್ವರ ಜಾತ್ರೆಗೆ ಬರುತ್ತೇನೆ ಅಂದವನು ಬರಲಿಲ್ಲ. ಅಕ್ಕ ಉಚ್ಚಾಯಿ ತೇರು ಎಳೆಯುವುದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರು.

ನಮ್ಮ ದೇಶ ಏನು ಮಾಡುತ್ತದೆ?

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೇ ಅಂತ ಒಂದು ಕಾನೂನೂ ನಮ್ಮಲ್ಲಿಲ್ಲ. ಆದರೂ ಆಶ್ರಯ ಕೊಟ್ಟಿದ್ದೇವೆ, ಬೈಲುಕುಪ್ಪೆ, ಮುಂಡಗೋಡದಲ್ಲಿ ಟಿಬೆಟಿನವರಿಗೆ, ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರಿಗೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. 4,096 ಕಿಲೋಮೀಟರ್ ಉದ್ದದ ಬಾಂಗ್ಲಾ ಗಡಿಯ ಬಗ್ಗೆ ನಮ್ಮಲ್ಲೂ ಇದೇ ಜಗಳ ಇದೆ. ಅಸ್ಸಾಮಿನಲ್ಲಿ 2019ರಲ್ಲಿ ಪೌರರ ಪಟ್ಟಿ ಮಾಡಿದಾಗ 19 ಲಕ್ಷ ಜನರ ಹೆಸರು ಹೊರಗೆ ಉಳಿಯಿತು. ಅಜ್ಜನ ಕಾಲದ ಕಾಗದ ತೋರಿಸಿ ಅಂದರೆ ನಮ್ಮ ಮನೆಗಳಲ್ಲೂ ಎಷ್ಟು ಜನರ ಹತ್ತಿರ ಇರುತ್ತದೆ? ಮಾತು ಕೇಳಿ ದೇಶ ಹೇಳುವುದೂ ಆಗದ ಕೆಲಸ. ಬಂಗಾಳಿ ಎರಡೂ ದೇಶದ ಭಾಷೆ. ಬೀದರಿನಲ್ಲಿ ಒಬ್ಬನೇ ಮನುಷ್ಯ ಬೆಳಿಗ್ಗೆಯಿಂದ ಸಂಜೆವರೆಗೆ ಕನ್ನಡ, ಮರಾಠಿ, ಉರ್ದು, ತೆಲುಗು ಮಾತಾಡಿರುತ್ತಾನೆ.

ಇಲ್ಲಿಂದ ಹೊರಡುವ ಮುಂಚೆ

ಕಲಬುರಗಿ ಕಡೆಯ ಹುಡುಗರು ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ, 2024ರಲ್ಲಿ ಯುದ್ಧದ ಮಧ್ಯೆ ಸಿಕ್ಕಿಬಿದ್ದರು. ಆ ಸೆಪ್ಟೆಂಬರಿನಲ್ಲಿ ಜೀವಂತ ವಾಪಸ್ ಬಂದರು. ಅದೇ ರೀತಿ ಹೋದ ಸೂರತ್‌ನ ಒಬ್ಬ ಹುಡುಗ ಬರಲಿಲ್ಲ. ಹಾಗಾಗಿ ಈ ಬರಹದಲ್ಲಿ ಇನ್ನು ಮುಂದೆ ಹೇಳುವ ಮಾತೇ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ.

10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಬಗೆಯದು. ಸೌದಿ, ದುಬೈ ಇರುವ ಎಮಿರೇಟ್ಸ್, ಕುವೈತ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇವರು ಸರ್ಕಾರದ ಅನುಮತಿ ಪಡೆಯಬೇಕು. ಅದು ತಡೆಯಲಿಕ್ಕಲ್ಲ, ಕಂಪನಿ ನಿಜವೇ, ಸಂಬಳ ಬರೆದುಕೊಟ್ಟಿದ್ದಾರೆಯೇ ಅಂತ ನೋಡಲಿಕ್ಕೆ. ಈ ದಾರಿಯಲ್ಲಿ ಹೋದರೆ 10 ಲಕ್ಷದ ವಿಮೆಯೂ ಇರುತ್ತದೆ. ವಿಸಿಟ್ ವೀಸಾದ ಮೇಲೆ ಹೋದರೆ ಇದ್ಯಾವುದೂ ಇಲ್ಲ, ಅಲ್ಲಿ ದುಡಿದರೆ ಆ ದೇಶದ ಲೆಕ್ಕದಲ್ಲಿ ನೀವೂ ಅಕ್ರಮವೇ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಆಳಂದ ಕಡೆಯ ಒಬ್ಬ ಹುಡುಗ ಹೋದ ತಿಂಗಳು ಬಂದಿದ್ದ. ವಯಸ್ಸು 23. ಹೊಸ ಪಾಸ್‌ಪೋರ್ಟ್ ಪ್ಲಾಸ್ಟಿಕ್ ಕವರಿನಲ್ಲಿ, ಕವರಿನ ಮೇಲೆ ರಬ್ಬರ್ ಬ್ಯಾಂಡ್. ಏಜೆಂಟ್ ಒಬ್ಬ ಒಂದೂವರೆ ಲಕ್ಷ ಕೇಳಿದ್ದಾನೆ, ಮೊದಲು ವಿಸಿಟ್ ವೀಸಾ, ‘ಅಲ್ಲಿ ಹೋದ ಮ್ಯಾಲೆ ಬದಲಿ ಮಾಡಸ್ತೀನಿ’ ಅಂದಿದ್ದಾನೆ. ಇಬ್ಬರೂ ಕೂತು ಸರ್ಕಾರದ ಇ-ಮೈಗ್ರೇಟ್ ಜಾಲತಾಣ ತೆರೆದೆವು. ಏಜೆಂಟ್ ಕೊಟ್ಟ ಕಾರ್ಡಿನಲ್ಲಿದ್ದ ನೋಂದಣಿ ಸಂಖ್ಯೆ ಹಾಕಿದೆವು. ಸಿಗಲಿಲ್ಲ. ಅಂಕಿ ತಪ್ಪಿರಬೇಕು ಅಂತ ಹುಡುಗನೇ ಇನ್ನೊಮ್ಮೆ ಒಂದೊಂದಾಗಿ ಒತ್ತಿದ. ಆಗಲೂ ಸಿಗಲಿಲ್ಲ. ಅಂಗಿ ಕಿಸೆಯಿಂದ ಮಡಚಿದ ಲಕೋಟೆ ತೆಗೆದು ನೋಡಿದ. ಮುಂಗಡದ 20,000 ಇನ್ನೂ ಅದರಲ್ಲೇ ಇತ್ತು. ಮರುದಿನ ಕೊಡಬೇಕಾಗಿತ್ತಂತೆ.